ಕೆಂಪು ಚಿಂದಿಯ ಹಗ್ಗ

ನಾನು ಆ ಮನೆಗೆ ಸೊಸೆಯಾಗಿ ಹೋದ ನಾಲ್ಕನೇ ದಿನ ಅತ್ತೆ ನನ್ನ ಬೆನ್ನಿಗೆ ಪೊರಕೆಯಿಂದ ಬಾರಿಸಿದರು. ನನ್ನ ತಪ್ಪು ಇಷ್ಟೇ: ಸೋಪನ್ನು ನೀರಿನಲ್ಲಿ ಬಿಟ್ಟು ಬಂದಿದ್ದೆ. ಅದೂ ಇಡೀ ಸೋಪಲ್ಲ. ಸವೆದ ನಾಲ್ಕೈದು ಚೂರುಗಳನ್ನು ಹಳೆಯ ಕಾಲುಚೀಲದೊಳಗೆ ತುಂಬಿ ಬಿಗಿದು ಮಾಡಿದ ಉಂಡೆ. ಹೊಡೆತಕ್ಕೆ ಪೊರಕೆಯ ಎರಡು ಕಡ್ಡಿ ಮುರಿದವು. ಅತ್ತೆ ಬಗ್ಗಿ ಆ ಕಡ್ಡಿಗಳನ್ನು ಹೆಕ್ಕಿ, ಬೆಂಕಿ ಹಚ್ಚಲು ಬೇಕಾಗುತ್ತದೆಂದು ಒಲೆಯ ಪಕ್ಕ ಇಟ್ಟರು. ಆಮೇಲೆ ನನ್ನ ಬೆನ್ನಿಗೆ ಎಣ್ಣೆ ಸವರಿದರು. ಸವರಿ ಮುಗಿದ ಮೇಲೆ ಕೈಯನ್ನು ಬಟ್ಟೆಗೆ ಒರೆಸಲಿಲ್ಲ, ತಮ್ಮ ತಲೆಗೆ ಒರೆಸಿಕೊಂಡರು.

ನಾನೂ ಸುಮ್ಮನಿರುವ ಪೈಕಿಯಲ್ಲ. ಮಾರನೇ ದಿನ ಬೇಕೆಂತಲೇ ಒಂದು ಮಣ್ಣಿನ ಗಡಿಗೆಯನ್ನು ಅವರ ಕಣ್ಣೆದುರೇ ನೆಲಕ್ಕೆ ಕುಕ್ಕಿದೆ. ಅವರು ಬೈಯಲಿಲ್ಲ. ಚೂರುಗಳನ್ನೆಲ್ಲ ನನ್ನ ಕೈಯಿಂದಲೇ ಆಯಿಸಿ, ದೊಡ್ಡದನ್ನು ಕೋಳಿಗಳ ನೀರಿಗೆ ಇಡಿಸಿದರು, ಸಣ್ಣವನ್ನು ಕುಟ್ಟಿಸಿ ಅಂಗಳದ ಕೆಸರಿಗೆ ಹಾಕಿಸಿದರು. ನನ್ನ ಹೆಬ್ಬೆರಳು ಕೊಯ್ದು ರಕ್ತ ಸುರಿಯಿತು. "ನೋಡ್ಕೊಂಡು ಆರಿಸು, ಕಣ್ಣಿರೋದು ಯಾಕೆ?" ಅಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯ ಕಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಅದನ್ನೂ ಅವರು ಸವೆಯದ ಹಾಗೆ ಜೋಪಾನವಾಗಿ ಬಳಸುತ್ತಿದ್ದರು.

ಮೂವತ್ತು ವರ್ಷ ಅವರು ಪೇಟೆಯ ಅಂಚಿನ ಕಸಾಯಿಖಾನೆಯಲ್ಲಿ ನೆಲ ತೊಳೆದವರು. ರಬ್ಬರ್ ಬೂಟು ಹಾಕಿಕೊಂಡು ರಕ್ತವನ್ನು ಚರಂಡಿಗೆ ತಳ್ಳುವುದು, ಗೋಡೆ ಉಜ್ಜುವುದು, ಕಬ್ಬಿಣದ ಕೊಕ್ಕೆಗಳನ್ನು ಕುದಿಯುವ ನೀರಿನಲ್ಲಿ ಅದ್ದುವುದು ಅವರ ಕೆಲಸ. ಆಳು ಕುಳ್ಳು, ತೋಳು ಮಾತ್ರ ಗಂಡಸಿನದು. ಯಾರೂ ಕೇಳದ ಕೊಬ್ಬಿನ ಚೂರುಗಳನ್ನು ಡಬ್ಬಿಯಲ್ಲಿ ಮನೆಗೆ ತಂದು, ಕಾಯಿಸಿ ಸೋಸಿ ಇಡುತ್ತಿದ್ದರು. ದೀಪಕ್ಕೆ ಅದೇ, ಬೂಟಿಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಹಗ್ಗಗಳು ನೀರು ಕುಡಿಯದಿರಲಿ ಅಂತ ಬಳಿಯುವುದಕ್ಕೂ ಅದೇ. ನಮ್ಮ ಮನೆಯ ಇಲಿಗಳಷ್ಟು ಕೊಬ್ಬಿದ ಇಲಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಬರುವ ಹೊತ್ತಿಗೆ ಮಾವ ಸತ್ತು ಆರು ವರ್ಷವಾಗಿತ್ತು. ಅವರು ಅತ್ತೆಗೆ ಸೊಂಟದ ಬೆಲ್ಟಿನಿಂದ ಹೊಡೆಯುತ್ತಿದ್ದರಂತೆ, ವಾರಕ್ಕೆ ಎರಡು ಸಲವಾದರೂ. ಒಂದು ದಿನ ಹೊಡೆಯಲು ಕೈಯೆತ್ತಿದಾಗ ಅತ್ತೆ ಬೆಲ್ಟಿನ ತುದಿ ಹಿಡಿದು ಎಳೆದು, ಮಾವನನ್ನು ಬಾಗಿಲಿಗೆ ಅಪ್ಪಳಿಸಿ, ಕೊಬ್ಬು ಕತ್ತರಿಸುವ ಚೂರಿಯಿಂದ ಬೆಲ್ಟನ್ನು ಮೂರು ತುಂಡು ಮಾಡಿದರಂತೆ. ಆ ಮೂರು ತುಂಡು ಈಗಲೂ ನಮ್ಮ ಕೋಳಿಗೂಡಿನ ಬಾಗಿಲಿಗೆ ಕೀಲುಗಳಾಗಿವೆ. "ಒಳ್ಳೇ ಚರ್ಮ ಕಣೇ, ನನ್ನ ಬೆನ್ನ ಮೇಲೆ ಸುಮ್ನೆ ಹಾಳಾಗ್ತಿತ್ತು" ಅಂದಿದ್ದರು ಅತ್ತೆ, ನಗದೆ.

ನಮ್ಮದು ಮೂರು ಕೋಣೆಯ ಮನೆ. ಹಿಂದೆ ಹಿತ್ತಲು, ಅದರಲ್ಲಿ ಒಂದು ಬಾವಿ, ಮೇಕೆಗಳ ಕೊಟ್ಟಿಗೆ, ಸಾಮಾನು ತುಂಬುವ ತಗಡಿನ ಷೆಡ್ಡು, ಹಿಂದಿನ ಅಂಚಿಗೆ ಒಂದು ದೊಡ್ಡ ಹಿಪ್ಪುನೇರಳೆ ಮರ. ನನ್ನ ಗಂಡ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದರು. ಬೆಳಕು ಹರಿಯುವಾಗ ಹೋಗಿ ಸಂಜೆ ಮಣ್ಣಿನ ಬಣ್ಣದಲ್ಲಿ ಬರುತ್ತಿದ್ದರು. ಹಗಲಿಡೀ ಮನೆಯಲ್ಲಿ ನಾನು ಮತ್ತು ಅತ್ತೆ, ಎರಡು ಬೆಕ್ಕುಗಳ ಹಾಗೆ.

ಮರದ ಎಲೆ ಹಳದಿಗೆ ತಿರುಗಿತು ಅಂದರೆ ಅತ್ತೆಗೆ ಯುದ್ಧ ಶುರು. ಚಳಿಗಾಲ ಅವರ ಪಾಲಿಗೆ ಬಾಗಿಲು ಒಡೆದು ನುಗ್ಗುವ ಕಳ್ಳ. ಮೊದಲು ಕೋಳಿಗಳ ಪಾಳಿ. ಚಳಿಯಲ್ಲಿ ಮೊಟ್ಟೆಯಿಡದೆ ಕಾಳು ತಿನ್ನುವ ಕೋಳಿ ಯಾವುದೆಂದು ಅವರು ಬೆರಳಿಟ್ಟು ಮೂಳೆ ಮುಟ್ಟಿಯೇ ಹೇಳುತ್ತಿದ್ದರು. ಒಂದೇ ಬೆಳಿಗ್ಗೆ ಏಳೆಂಟರ ಕತ್ತು ಮುರಿದು ಸಾಲಾಗಿ ತೂಗುಹಾಕುತ್ತಿದ್ದರು. ಪುಕ್ಕ ದಿಂಬಿಗೆ, ಕಾಲು ಸಾರಿಗೆ, ರಕ್ತ ಗಿಡದ ಬುಡಕ್ಕೆ. ಆಮೇಲೆ ಹಳೆಯ ಕಾಗದ ನೆನೆಸಿ ರುಬ್ಬಿ ಕಿಟಕಿಯ ಬಿರುಕುಗಳಿಗೆ ಮೆತ್ತುವುದು. ಗಾಳಿ ಒಂದು ಬಿರುಕಿನಿಂದ ಬಂದರೂ ಒಂದು ಕಟ್ಟು ಸೌದೆ ದಂಡ ಅನ್ನುತ್ತಿದ್ದರು. ಹರಿದ ಸ್ವೆಟರ್ ಬಿಚ್ಚಿ ನೂಲು ಸುತ್ತುವ ಕೆಲಸ ನನ್ನದು. ಡೊಂಕಾದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೆಟ್ಟಗೆ ಮಾಡುವುದು ಅವರದು. ಟಕ್ ಟಕ್ ಅಂತ ಅವರು ಬಡಿಯುವಾಗ ಪ್ರತಿ ಮೊಳೆಯೂ ಯಾರದೋ ತಲೆ ಅನ್ನಿಸುತ್ತಿತ್ತು. ಯಾರದೆಂದು ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಇದೆಲ್ಲದಕ್ಕಿಂತ ದೊಡ್ಡದು ಮರ. ಅದರ ತೊಗಟೆಯಿಂದ ಬೂದಿಯವರೆಗೆ ಅತ್ತೆ ಒಂದನ್ನೂ ಬಿಡುತ್ತಿರಲಿಲ್ಲ. ಎಲೆ ಪೂರ್ತಿ ಉದುರುವ ಮುಂಚೆಯೇ ಕೊಂಬೆ ಸವರಿ, ಸೊಪ್ಪನ್ನು ಕಟ್ಟು ಕಟ್ಟಿ ಷೆಡ್ಡಿನಲ್ಲಿ ಒಣಗಿಸಿದರೆ ಅದು ಮೇಕೆಗಳಿಗೆ ಚಳಿಗಾಲದ ಮೇವು. ಉದುರಿದ ಎಲೆ ಕೊಟ್ಟಿಗೆಯ ಹಾಸು, ನಮ್ಮ ಹಾಸಿಗೆಯ ತುಂಬು. ದಪ್ಪ ಕೊಂಬೆ ಸೌದೆ, ತೆಳ್ಳನೆಯದು ಬುಟ್ಟಿ, ಬೂದಿ ಪಾತ್ರೆ ತಿಕ್ಕಲು. ವರ್ಷವರ್ಷವೂ ಸವರಿದ್ದರಿಂದ ಮತ್ತೆ ಹೊಸ ಕೊಂಬೆ ಒಡೆಯುತ್ತಿತ್ತು. "ಈ ಮರ ಇದ್ರೆ ನಾವು ಈ ಮನೇಲಿ ಇರ್ತೀವಿ. ಇಲ್ಲಾಂದ್ರೆ ಮೊದಲನೇ ಚಳಿಗೇ ಬೀದಿ" ಅನ್ನುತ್ತಿದ್ದರು ಅತ್ತೆ. ಅದು ಉತ್ಪ್ರೇಕ್ಷೆಯಲ್ಲ. ಸೌದೆ ಕೊಂಡು, ಮೇವು ಕೊಂಡು ಬದುಕುವ ತಾಕತ್ತು ನಮಗಿರಲಿಲ್ಲ.

ಈಗ ಹಗ್ಗದ ವಿಷಯ. ಅತ್ತೆ ಹಗ್ಗದ ಒಂದು ಮೊಳದ ತುಂಡನ್ನೂ ಎಸೆದವರಲ್ಲ. ಕಸಾಯಿಖಾನೆಯ ಹಿಂದೆ ಬಿದ್ದ ತುಂಡುಗಳು, ಮೇಕೆ ಕಟ್ಟಿ ಸವೆದವು, ಲಾರಿಯಿಂದ ಬಿದ್ದವು, ಎಲ್ಲವನ್ನೂ ತಂದು ಎಳೆ ಬಿಚ್ಚಿ, ಒಂದರೊಳಗೊಂದು ಹೆಣೆದು, ಮೇಲೆ ನೂಲು ಸುತ್ತಿ, ಕೊಬ್ಬು ಬಳಿದು ಉದ್ದನೆಯ ಹಗ್ಗ ಮಾಡುತ್ತಿದ್ದರು. ಎಷ್ಟು ಅಚ್ಚುಕಟ್ಟೆಂದರೆ ಜೋಡಿಸಿದ ಜಾಗ ಕಣ್ಣಿಗೆ ಕಾಣುತ್ತಿರಲಿಲ್ಲ. ನಾನು ಹೋದ ಮೊದಲ ವರ್ಷ ಬಾವಿಯ ಹಗ್ಗ ಒದ್ದೆಯಾಗಿತ್ತೆಂದು ಷೆಡ್ಡಿನಿಂದ ಅಂಥದ್ದೊಂದನ್ನು ತಂದು ಬಕೆಟ್ಟಿಗೆ ಕಟ್ಟಿದೆ. ಅರ್ಧಕ್ಕೆ ಬರುವಾಗ ಹಗ್ಗ ಕಿತ್ತುಹೋಗಿ ಬಕೆಟ್ಟು ಬಾವಿಯ ತಳ ಸೇರಿತು. ಅತ್ತೆ ಓಡಿ ಬಂದು, ನನ್ನ ಕೈಯಲ್ಲಿ ಉಳಿದಿದ್ದ ತುಂಡನ್ನೇ ಕಿತ್ತುಕೊಂಡು ಅದರಿಂದಲೇ ನನಗೆ ಬಾರಿಸಿದರು. ತೋಳಿನ ಮೇಲೆ, ತೊಡೆಯ ಮೇಲೆ ಬಾಸುಂಡೆ ಎದ್ದವು. "ಇಲಿ ಕಡಿದದ್ದು ಕಣೇ ಇದು! ಮೇಲಿಂದ ನೋಡಿದ್ರೆ ಏನು ಗೊತ್ತಾಗುತ್ತೆ? ಸೊಪ್ಪಿನ ಹೊರೆ ತಡೀತದೆ, ಭಾರ ತಡಿಯಲ್ಲ! ನೀನು ಬಗ್ಗಿದ್ದಿದ್ರೆ ಬಕೆಟ್ಟಿನ ಹಿಂದೆ ನೀನೂ ಹೋಗ್ತಿದ್ದೆ!"

ಬೈಯುತ್ತಲೇ ಅವರು ಬಾವಿಯ ಕಲ್ಲುಗಳಿಗೆ ಕಾಲು ಕೊಟ್ಟು ಕೆಳಗಿಳಿದು ಬಕೆಟ್ಟು ತಂದರು. ಮೊಣಕಾಲು ಎರಡೂ ತರಚಿ ರಕ್ತವಾಗಿತ್ತು. ಅಂದು ಸಂಜೆ ನನ್ನ ಹಳೆಯ ಕೆಂಪು ರವಿಕೆಯೊಂದನ್ನು ಹರಿದು, ಜೋಡಿಸಿದ ಪ್ರತಿ ಹಗ್ಗದ ತುದಿಗೂ ಒಂದೊಂದು ಚಿಂದಿ ಕಟ್ಟಿದರು. ಕೆಂಪು ಚಿಂದಿ ಇದ್ದರೆ ಸೊಪ್ಪಿಗೆ ಮಾತ್ರ. ಇದು ನಮ್ಮ ಮನೆಯ ಕಾನೂನು. ಈ ಕಾನೂನು ನನ್ನ ಮೈಮೇಲೆ ಬರೆದದ್ದು, ಮರೆಯುವ ಹಾಗಿರಲಿಲ್ಲ.

ಇನ್ನು ಗೂಳಿ ಅಂತ ಎಲ್ಲರೂ ಕರೆಯುತ್ತಿದ್ದವನ ವಿಷಯ. ಅತ್ತೆಯ ಮೈದುನ, ಮಾವನ ತಮ್ಮ, ನನಗೆ ಚಿಕ್ಕಮಾವ. ಬಹುವಚನ ಕೊಡಬೇಕಾದ ಸಂಬಂಧವೇ. ಆದರೆ ಯಾವುದನ್ನೂ ಪೋಲು ಮಾಡಬಾರದು ಅಂತ ಅತ್ತೆ ಕಲಿಸಿದ್ದಾರಲ್ಲ, ಅವನಿಗೆ ಏಕವಚನವೇ ಧಾರಾಳ. ಸಂತೆಮಾಳದಲ್ಲಿ ಲಾರಿಗೆ ಮೂಟೆ ಹೊರುವ ಹಮಾಲಿ. ಕತ್ತು ತಲೆಗಿಂತ ಅಗಲ. ಹೆಂಡತಿಯ ಕಿವಿಯ ತಮಟೆ ಒಡೆದು ಹೋಗುವಂತೆ ಹೊಡೆದಿದ್ದ. ಅವಳು ಆ ಕಿವುಡು ಕಿವಿಯೊಂದಿಗೆ ತವರಿಗೆ ಹೋದವಳು ತಿರುಗಿ ನೋಡಲಿಲ್ಲ. ಹಿತ್ತಲಿನ ಹಿಂದಿನ ಅರ್ಧ ಅವನ ಪಾಲಿಗೆ ಬಂದದ್ದು. ಅದರಲ್ಲಿದ್ದ ಎಲ್ಲ ಮರ ಕಡಿಸಿ, ನೆಲವನ್ನೂ ಮಾರಿ, ಕುಡಿದು ಮುಗಿಸಿದ್ದ. ಉಳಿದದ್ದು ಗಡಿಯ ಗೆರೆಯ ಮೇಲೆ ನಿಂತ ಹಿಪ್ಪುನೇರಳೆ. ಬೇರು ಅವನ ಕಡೆ, ನೆರಳು ನಮ್ಮ ಕಡೆ ಅಂತ ಅವನ ವಾದ.

ಮೂರನೇ ವರ್ಷ ಎಲೆ ಹಳದಿಯಾಗುವ ಹೊತ್ತಿಗೆ ಅವನು ಮರದ ವ್ಯಾಪಾರಿಯನ್ನು ಕರೆದುಕೊಂಡು ಬಂದ. ವ್ಯಾಪಾರಿ ಮರದ ಸುತ್ತ ದಾರ ಸುತ್ತಿ ಅಳೆಯುತ್ತಿದ್ದ. ಅತ್ತೆ ಮೊಳೆ ಬಡಿಯುವ ಸುತ್ತಿಗೆ ಹಿಡಿದೇ ಎದ್ದು ಹೋದರು.

"ಯಾರನ್ನ ಕೇಳಿ ಅಳೀತಿದೀರಿ?"

"ನನ್ನ ಕೇಳಿ" ಅಂದ ಗೂಳಿ. "ಒಳಗೆ ಹೋಗು ಅತ್ತಿಗೆ. ನಿನ್ನ ಮೊಳೆ ತಣ್ಣಗಾಗ್ತವೆ."

ಅತ್ತೆ ವ್ಯಾಪಾರಿಯ ದಾರದ ಮೇಲೆ, ಅವನ ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ, ಸುತ್ತಿಗೆ ಬೀಸಿದರು. ತೊಗಟೆ ಹಾರಿತು. ವ್ಯಾಪಾರಿ ದಾರ ಬಿಟ್ಟು ಓಡಿದ. ಗೂಳಿ ಅತ್ತೆಯ ಕೂದಲು ಹಿಡಿದು ಮುಖವನ್ನು ಮರಕ್ಕೆ ಗುದ್ದಿಸಿದ. ಒಂದು ಸಲವಲ್ಲ, ಎರಡು ಸಲ. ನಾನು ಕೂಗುತ್ತ ಓಡುವಷ್ಟರಲ್ಲಿ ಅತ್ತೆ ಅವನ ಕೈಯನ್ನು ಬಾಯಿಗೆ ಎಳೆದುಕೊಂಡು ಕಚ್ಚಿದ್ದರು. ನಾಯಿ ಕಚ್ಚಿದರೆ ಬಿಡುತ್ತದೆ, ಅತ್ತೆ ಬಿಡಲಿಲ್ಲ. ಅವನು ಇನ್ನೊಂದು ಕೈಯಿಂದ ಅವರ ದವಡೆಗೆ ಗುದ್ದಿದ ಮೇಲೆಯೇ ಬಿಟ್ಟದ್ದು. ಅತ್ತೆ ಎರಡು ಹಲ್ಲು ಉಗುಳಿದರು. ಅವನ ಕಿರುಬೆರಳಿನ ತುದಿ ನೇತಾಡುತ್ತಿತ್ತು.

ಅವನು ಹೋದ ಮೇಲೆ ಅತ್ತೆ ಬಾಯಿ ಮುಕ್ಕಳಿಸಿ, ವ್ಯಾಪಾರಿ ಬಿಟ್ಟು ಹೋದ ದಾರವನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನನಗೆ ಅಳುವೋ ನಗುವೋ ಏನು ಬಂತೋ, ಎರಡೂ ಬಂದವು.

ಸಂಜೆ ನನ್ನ ಗಂಡ ವಿಷಯ ಕೇಳಿ ಚಿಕ್ಕಪ್ಪನ ಬಾಡಿಗೆ ಕೋಣೆಗೆ ಹೋದರು. ನನ್ನ ಗಂಡ ಮೆತ್ತಗಿನ ಮನುಷ್ಯ, ಮಾತಾಡಿ ಬರುತ್ತೇನೆ ಅಂತಲೇ ಹೋದದ್ದು. ಎರಡು ಪಕ್ಕೆಲುಬು ಮುರಿದುಕೊಂಡು ಬಂದರು. ಉಸಿರೆಳೆದಾಗಲೆಲ್ಲ ಕಣ್ಣಲ್ಲಿ ನೀರು. ಆ ವಾರ ಗೂಡಿನ ಕೆಲಸಕ್ಕೆ ಹೋಗಲಾಗಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ ನೋಡಿದರೆ ನಮ್ಮ ಹಾಲು ಕೊಡುವ ಮೇಕೆ ಕೊಟ್ಟಿಗೆಯ ಮುಂದೆ ಬಿದ್ದಿತ್ತು, ತಲೆ ಸಲಿಕೆಯ ಏಟಿಗೆ ಎರಡು ಹೋಳು. ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. ಅತ್ತೆ ಅದರ ಪಕ್ಕ ಕೂತು ತುಂಬ ಹೊತ್ತು ಕಿವಿ ಸವರಿದರು. ಆಮೇಲೆ ಚೂರಿ ತಂದು ಚರ್ಮ ಸುಲಿದರು.

"ಕಂಪ್ಲೇಂಟ್ ಕೊಡೋಣ ಅತ್ತೆ" ಅಂದೆ.

"ಕೊಟ್ರೆ? ಎರಡು ದಿನ ಒಳಗೆ ಹಾಕ್ತಾರೆ. ಮೂರನೇ ದಿನ ಬರ್ತಾನೆ. ಆಗ ಮೇಕೆಗಲ್ಲ, ನನ್ನ ಮಗನಿಗೆ ಹೊಡೀತಾನೆ." ಚೂರಿ ಒರೆಸಿದರು. "ಅವನಿಗೆ ಬೇಕಿರೋದು ಮರ. ಅದು ಸಿಗೋವರೆಗೆ ನಮ್ಮನ್ನ ಒಬ್ಬೊಬ್ಬರನ್ನೇ ಕಡೀತಾನೆ."

ಹಾಗಂತ ಮರ ಬಿಟ್ಟುಕೊಡುವ ಮಾತು ಅವರು ಆಡಲಿಲ್ಲ, ನಾನೂ ಆಡಲಿಲ್ಲ. ಚಳಿ ಹದಿನೈದು ದಿನದ ದೂರದಲ್ಲಿತ್ತು.

ಅದಾದ ಎರಡನೇ ವಾರ, ನಡುಹಗಲು, ಗೂಳಿ ಒಬ್ಬನೇ ಬಂದ. ಕೈಯಲ್ಲಿ ಕೊಡಲಿ, ಬೆರಳಿಗೆ ಬ್ಯಾಂಡೇಜು. ಮೊದಲು ಮರದ ತಲೆ ಸವರಿ ಇಟ್ಟರೆ ನಾಳೆ ಗರಗಸದವರನ್ನು ಕಳಿಸುತ್ತೇನೆ, ಬುಡ ಕಡಿದಾಗ ಮನೆಯ ಮೇಲೆ ಬೀಳಬಾರದು ಅಂತ ವ್ಯಾಪಾರಿ ಹೇಳಿದ್ದನಂತೆ. ಕೊಂಬೆ ಸವರಲು ಆಳಿಗೆ ಕೂಲಿ ಯಾಕೆ ಕೊಡಬೇಕು ಅಂತ ಇವನೇ ಬಂದಿದ್ದ. ಉಳಿತಾಯದ ಗುಣ ಆ ಮನೆತನದಲ್ಲಿ ಎಲ್ಲರಿಗೂ ಒಂದಿಷ್ಟು ಇತ್ತು ಅನ್ನಿ. ಹಗ್ಗವನ್ನೂ ತಂದಿರಲಿಲ್ಲ. ಅತ್ತಿಗೆಯ ಮನೆಯಲ್ಲಿ ಇರುವಾಗ ತನ್ನದನ್ನು ಯಾಕೆ ಸವೆಸಬೇಕು?

ನಾನು ಕೊಟ್ಟಿಗೆಯ ಮುಂದೆ ಜರಡಿ ಹಿಡಿದು ಬೂದಿ ಸೋಸುತ್ತಿದ್ದೆ. ಅತ್ತೆ ಷೆಡ್ಡಿನ ಬಾಗಿಲಲ್ಲಿ ಸೊಪ್ಪಿನ ಕಟ್ಟು ಜೋಡಿಸುತ್ತಿದ್ದರು. ಗೂಳಿ ಅವರನ್ನು ಭುಜದಿಂದ ತಳ್ಳಿ ಒಳಗೆ ಹೋಗಿ, ಗೂಟಕ್ಕೆ ನೇತು ಹಾಕಿದ್ದ ಹಗ್ಗ ತೆಗೆದುಕೊಂಡು ಬಂದ. ಕೊಬ್ಬು ಬಳಿದು ಮಿರಿಮಿರಿ ಮಿಂಚುವ, ಉದ್ದನೆಯ, ಚಂದದ ಹಗ್ಗ. ತುದಿಗೆ ಕೆಂಪು ಚಿಂದಿ.

ಅತ್ತೆ ಅದನ್ನು ನೋಡಿದರು. ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು.

"ಆ ಹಗ್ಗ ಬೇಡ" ಅಂದರು.

ಗೂಳಿ ನಕ್ಕ. "ಮರ ಹೋಗ್ತಿದೆ, ಇವಳಿಗೆ ಹಗ್ಗದ ಚಿಂತೆ!"

"ಬೇಡ ಅಂದ್ನಲ್ಲ. ಇಡು ಅದನ್ನ."

"ಸವೆದು ಹೋಗುತ್ತಾ? ಸಾಯೋವಾಗ ಕಟ್ಕೊಂಡು ಹೋಗ್ಬೇಕಾ?" ಅವನು ಚಿಂದಿಯನ್ನು ಬೆರಳಲ್ಲಿ ಹಿಡಿದು ನನಗೆ ತೋರಿಸಿದ. "ನೋಡೇ, ಹಗ್ಗಕ್ಕೆ ರಿಬ್ಬನ್ನು ಕಟ್ಟಿದಾಳೆ ನಿಮ್ಮತ್ತೆ. ಮದುವೆ ಮಾಡ್ತಾಳೇನೋ." ಚಿಂದಿ ಕಿತ್ತು, ಅದಕ್ಕೆ ಮೂಗು ಒರೆಸಿ ನನ್ನ ಕಾಲ ಬಳಿ ಎಸೆದ.

"ಬೇಡ ಕಣೋ" ಅಂದರು ಅತ್ತೆ ಮೂರನೇ ಸಲ. ದನಿ ಇಳಿದಿತ್ತು.

ಅವನಿಗೆ ಮೂರು ಸಲವೂ ಕೇಳಿಸಿದ್ದು ಜಿಪುಣಿಯ ಸಂಕಟವೊಂದೇ. ಬೇರೇನು ಕೇಳಿಸೀತು? ಮೂವತ್ತು ವರ್ಷದಿಂದ ಅವನು ಆ ಬಾಯಿಯಿಂದ ಕೇಳುತ್ತಾ ಬಂದದ್ದು ಅದೇ: ಆ ಸೋಪು ಬೇಡ, ಆ ದೀಪ ಬೇಡ, ಆ ಸೌದೆ ಬೇಡ. ಅತ್ತೆ ನಾಲ್ಕನೇ ಸಲ ಬಾಯಿ ತೆರೆದರು, ಮುಚ್ಚಿದರು. ಬಗ್ಗಿ ಸೊಪ್ಪಿನ ಕಟ್ಟು ಎತ್ತಿಕೊಂಡರು.

ಗೂಳಿ ಹತ್ತಿದ. ಮೇಲಿನ ಕವಲಿಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿ ಬಿಗಿದು, ಎರಡು ಪಾದವನ್ನೂ ಕಾಂಡಕ್ಕೆ ಒತ್ತಿ ಹಿಂದಕ್ಕೆ ವಾಲಿದ. ಹಗ್ಗ ತಡೆಯಿತು. ಎರಡೂ ಕೈಯಿಂದ ಕೊಡಲಿ ಬೀಸತೊಡಗಿದ. ಮೊದಲ ಕೊಂಬೆ ಬಿತ್ತು. ಅತ್ತೆ ಕತ್ತೆತ್ತಲಿಲ್ಲ. ಎರಡನೆಯದು ಬಿತ್ತು, ಅದು ಕೋಳಿಗೂಡಿನ ತಗಡನ್ನು ಜಜ್ಜಿತು. ಅವನು ಮೇಲಿಂದ ಕೂಗಿದ, "ಅತ್ತಿಗೇ! ಒಳ್ಳೇ ಹಗ್ಗ ಇಟ್ಟಿದೀಯಾ! ಹೋಗ್ತಾ ತಗೊಂಡು ಹೋಗ್ತೀನಿ!"

ಮೂರನೆಯ ಕೊಂಬೆ ದಪ್ಪನೆಯದು. ಅವನು ಇನ್ನಷ್ಟು ಹಿಂದಕ್ಕೆ ವಾಲಿ ಕೊಡಲಿಯನ್ನು ತಲೆಯ ಮೇಲೆತ್ತಿದ. ಆಗ ಹಗ್ಗ ಕಿತ್ತುಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಹೊಲಿಗೆ ಬಿಟ್ಟ ಹಾಗೆ. ಅವನು ಬೆನ್ನು ಕೆಳಗಾಗಿ, ತಾನೇ ಕಡಿದು ಕೆಡವಿದ ಕೊಂಬೆಗಳ ಮೇಲೆ ಬಿದ್ದ. ಮುರಿದದ್ದು ಕೊಂಬೆಯೋ ಬೆನ್ನೋ ತಿಳಿಯಲಿಲ್ಲ. ಒಂದು ಕವಲು ತೊಡೆಯೊಳಗಿಂದ ಹಾದು ಹೊರಗೆ ಬಂದಿತ್ತು. ಕೊಡಲಿ ಅವನ ಕಿವಿಯ ಪಕ್ಕದ ನೆಲದಲ್ಲಿ ನಾಟಿತ್ತು. ಅವನು ಕೂಗುತ್ತಿದ್ದ, ಆದರೆ ಕಾಲಿಗಾಗಿ ಅಲ್ಲ. ಕಾಲು ಇದೆಯೆಂದೇ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಅತ್ತೆ ಸೊಪ್ಪು ಬಿಸಾಡಿ ಓಡಿದರು. ಕಸಾಯಿಖಾನೆಯ ಕೈಗಳು ರಕ್ತಕ್ಕೆ ಹೆದರುವುದಿಲ್ಲ. ತೊಡೆಯ ಮೇಲೆ ಬಟ್ಟೆ ಬಿಗಿದರು, ಕವಲನ್ನು ಎಳೆಯಬೇಡ ಅಂತ ನನಗೆ ಕೂಗಿದರು, ಗರಗಸ ತರಿಸಿ ಅದರ ಬುಡ ಕೊಯ್ದರು. ಇಟ್ಟಿಗೆ ಗೂಡಿನ ಕಡೆಗೆ ನನ್ನನ್ನು ಓಡಿಸಿದರು. ನನ್ನ ಗಂಡ ಮತ್ತು ಇನ್ನು ಮೂವರು ಕೊಟ್ಟಿಗೆಯ ಬಾಗಿಲು ಕಳಚಿ ಅದರ ಮೇಲೆ ಅವನನ್ನು ಹೊತ್ತುಕೊಂಡು ಹೋದರು. "ಬಾಗಿಲಿನ ಸ್ಕ್ರೂ ಕಳೀಬೇಡ್ರೋ" ಅಂತ ಅತ್ತೆ ಹಿಂದಿನಿಂದ ಕೂಗಿದರು. ಹೊರುವವರಲ್ಲಿ ಒಬ್ಬ ನಕ್ಕೇಬಿಟ್ಟ. ಅತ್ತೆ ನಗಿಸಲು ಹೇಳಿದ್ದಲ್ಲ. ಆ ಹೊತ್ತಿಗೆ ಬಾಯಿಗೆ ಬರುತ್ತಿದ್ದ ಮಾತು ಅವರಿಗೆ ಅದೊಂದೇ.

ಸಂಜೆ ಒಲೆಯ ಮುಂದೆ ಕೂತು ಅವರು ಆ ಹಗ್ಗವನ್ನು ಸುಟ್ಟರು. ಎರಡು ತುಂಡೂ. ಒಂದು ಕಡೆ ಹೆಣೆದಿದ್ದರೆ ಮತ್ತೆ ಹಗ್ಗವಾಗುತ್ತಿತ್ತು. ಕೊಬ್ಬು ಚಟಪಟ ಅನ್ನುತ್ತ ಉರಿಯಿತು. ಅತ್ತೆ ಬೇಕೆಂದೇ ಏನನ್ನಾದರೂ ಹಾಳು ಮಾಡಿದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಗೂಳಿ ಬದುಕಿದ. ಸೊಂಟದ ಕೆಳಗೆ ಎಲ್ಲ ಸತ್ತಿತ್ತು. ಎರಡು ತಿಂಗಳಿಗೆ ಆಸ್ಪತ್ರೆಯವರು ಕರೆದುಕೊಂಡು ಹೋಗಿ ಅಂದರು. ಯಾರು ಕರೆದುಕೊಂಡು ಹೋಗುತ್ತಾರೆ? ಹೆಂಡತಿ ಬರಲಿಲ್ಲ, ಬಾಡಿಗೆ ಕೋಣೆಯವನು ಸಾಮಾನು ಹೊರಗಿಟ್ಟಿದ್ದ. ಅತ್ತೆ ಹೋಗಿ ಕರೆತಂದರು. ಒಲೆಗೆ ಹತ್ತಿರದ ಕೋಣೆ, ಬೆಚ್ಚಗಿನದು, ಅವರು ತಾವು ಮಲಗುತ್ತಿದ್ದದ್ದು, ಅದನ್ನು ಅವನಿಗೆ ಕೊಟ್ಟರು. ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ಜಿಪುಣಿಗೆ ಇಷ್ಟು ದೊಡ್ಡ ಕರುಳೇ ಅಂದರು. ನನ್ನ ಗಂಡ ಪಕ್ಕೆ ಹಿಡಿದುಕೊಂಡೇ ಜಗಳವಾಡಿದರು, "ನನ್ನ ಎಲುಬು ಮುರಿದೋನಿಗೆ ನಾನು ಅನ್ನ ಹಾಕ್ಬೇಕಾ ಅಮ್ಮ?" ಅತ್ತೆ ಗೂಳಿಯ ಹಾಸಿಗೆಗೆ ಎಲೆ ತುಂಬಿದರು.

ಒಂಬತ್ತು ಚಳಿಗಾಲ ಅವನನ್ನು ನೋಡಿಕೊಂಡರು. ಶಾಂತಿಯಿಂದ ಅಂತ ಅಂದುಕೊಳ್ಳಬೇಡಿ. ಗೂಳಿಯ ಕೈಗಳು ಚೆನ್ನಾಗಿಯೇ ಇದ್ದವು. ಸಾರಿನ ಬಟ್ಟಲು ಎಸೆದು ಅತ್ತೆಯ ಹಣೆ ಒಡೆದ. ಮೈ ತೊಳೆಯುವಾಗ ಅವರ ಕುತ್ತಿಗೆ ಹಿಸುಕಲು ಹೋದ. ಒಂದು ಸಲ ನನ್ನ ಜಡೆ ಮಂಚಕ್ಕೆ ಎಳೆದುಕೊಂಡಾಗ ಅತ್ತೆ ಅವನ ಮೊಣಕೈಗೆ ಲಟ್ಟಣಿಗೆಯಿಂದ ಬಾರಿಸಿ, ಆಮೇಲೆ ಅದೇ ಮೊಣಕೈಗೆ ಶಾಖ ಕೊಟ್ಟರು. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವನ ಹಾಸಿಗೆಯೊಳಗೆ ಆ ಮರದ ಎಲೆ, ಒಲೆಯಲ್ಲಿ ಆ ಮರದ ಕೊಂಬೆ. ಮರವನ್ನು ಮತ್ತೆ ಯಾರೂ ಅಳೆಯಲು ಬರಲಿಲ್ಲ.

ಪ್ರತಿ ವರ್ಷ ಕಿಟಕಿಯಲ್ಲಿ ಹಳದಿ ಎಲೆ ಕಂಡಾಗ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ.

"ಅತ್ತಿಗೆ, ಅವತ್ತು ಹಗ್ಗ ಬೇಡ ಅಂದ್ಯಲ್ಲ. ಜಿಪುಣತನಕ್ಕೆ ತಾನೆ?"

"ಹೂಂ" ಅನ್ನುತ್ತಿದ್ದರು ಅತ್ತೆ. "ಮತ್ತೇನಕ್ಕೆ?"

"ನಿನ್ನ ಜಿಪುಣತನದ ಮಾತು ಕೇಳಿದ್ರೆ ಇವತ್ತು ನಡೀತಿದ್ದೆ ನೋಡು" ಅಂತ ಅವನು ಜೋರಾಗಿ ನಗುತ್ತಿದ್ದ. ತನ್ನ ಗ್ರಹಚಾರ ಅಂತ ಅವನಿಗೆ ಒಂಥರಾ ಸಮಾಧಾನ. ಅತ್ತೆ ಹೊರಗೆ ಬಂದು ಸುತ್ತಿಗೆ ಹಿಡಿದು ಕೂರುತ್ತಿದ್ದರು. ಆ ದಿನ ಬಡಿದ ಮೊಳೆಗಳು ನೆಟ್ಟಗಾಗುತ್ತಿರಲಿಲ್ಲ.

ಒಂಬತ್ತನೇ ವರ್ಷ ಅವರ ಎದೆಯಲ್ಲಿ ಕಫ ಕಟ್ಟಿತು. ಮಧ್ಯಾಹ್ನ ಬಿಸಿಲಿಗೆ ಕೂತು ನನ್ನ ಜೊತೆ ಒಣಗಿದ ಕಾಯಿಗಳಿಂದ ಬೀಜ ಬಿಡಿಸುತ್ತಿದ್ದವರು ತಾವಾಗಿಯೇ ಶುರು ಮಾಡಿದರು.

"ನಾನು ಬೇಡ ಅಂದೆ. ಮೂರು ಸಲ ಅಂದೆ. ನೀನೇ ಸಾಕ್ಷಿ."

"ಹೌದತ್ತೆ."

"ಯಾಕೆ ಬೇಡ ಅಂತ ಅನ್ಲಿಲ್ಲ." ಕೆಮ್ಮಿದರು. "ಇಲಿ ಕಡಿದಿದೆ ಅಂತ ಒಂದು ಮಾತು. ನಾಲಿಗೆ ತುದೀಲಿತ್ತು. ಬೇಡ ಅಂದಷ್ಟೂ ತಗೊಂಡೇ ತಗೋತಾನೆ ಅಂತ ನಂಗೆ ಗೊತ್ತಿತ್ತು ಕಣೇ. ಜೀವನ ಪೂರ್ತಿ ಎಲ್ಲಾ ಉಳಿಸಿದೆ. ಉಳಿಸಬಾರದ ಜಾಗದಲ್ಲಿ ಒಂದು ಮಾತು ಉಳಿಸಿಬಿಟ್ಟೆ."

ಸಮಾಧಾನ ಹೇಳಬೇಕಿತ್ತು. ಬೀಜ ಬಿಡಿಸುತ್ತಲೇ ಇದ್ದೆ. ಅತ್ತೆ ನನ್ನ ಮುಖ ನೋಡಿದರು, ತುಂಬ ಹೊತ್ತು ನೋಡಿದರು. ನಾಲ್ಕು ದಿನದ ಮೇಲೆ ತೀರಿಕೊಂಡರು. ನೂಲಿನ ಉಂಡೆ ಅರ್ಧ ಸುತ್ತಿ ಇಟ್ಟಿದ್ದರು. ನಾನು ಆ ಉಂಡೆ ಹಿಡಿದುಕೊಂಡು ಅತ್ತಷ್ಟು ನನ್ನ ಹೆತ್ತವಳಿಗೂ ಅತ್ತಿಲ್ಲ.

ಈಗ ಗೂಳಿ ನನ್ನ ಪಾಲಿಗೆ. ನನ್ನ ಗಂಡ ಎಲ್ಲಾದರೂ ಬಿಟ್ಟು ಬರೋಣ ಅಂದರು. ಇಲ್ಲಿಯೇ ಇರಲಿ ಅಂದೆ. ಅವರಿಗೆ ಆಶ್ಚರ್ಯ. ಬೀದಿಯವರು ನನ್ನನ್ನೂ ದೊಡ್ಡ ಕರುಳಿನವಳು ಅನ್ನತೊಡಗಿದ್ದಾರೆ.

ಮೊನ್ನೆ ಎಲೆ ಹಳದಿಯಾಯಿತು. ನಾನು ಅವನನ್ನು ಮಗ್ಗುಲಿಗೆ ಹೊರಳಿಸುತ್ತಿದ್ದೆ. ಗೂಳಿ ಈಗ ಎಲುಬಿನ ಗೂಡು, ಕತ್ತು ನನ್ನ ಮುಂಗೈಯಷ್ಟಾಗಿದೆ.

"ನೀನೂ ಅಲ್ಲೇ ಇದ್ಯಲ್ಲಮ್ಮ" ಅಂದ. "ನಿಮ್ಮತ್ತೆ ಬೇಡ ಅಂದದ್ದು ಜಿಪುಣತನಕ್ಕೆ ತಾನೆ?"

"ಹೌದು ಚಿಕ್ಕಮಾವ. ಮತ್ತೇನಕ್ಕೆ?"

ಅವನು ನಕ್ಕು ಕಣ್ಣು ಮುಚ್ಚಿದ. ಅವನು ಕೇಳಿದ್ದು ಅತ್ತೆಯ ವಿಷಯ, ಉತ್ತರ ಸುಲಭವಿತ್ತು. ನನ್ನ ವಿಷಯ ಅವನು ಯಾವತ್ತೂ ಕೇಳಲಿಲ್ಲ. ಆ ಹಗ್ಗ ಎಂಥದ್ದೆಂದು ನನ್ನ ತೋಳಿಗೂ ತೊಡೆಗೂ ಗೊತ್ತಿತ್ತು. ಅತ್ತೆ ಬೇಡ ಅಂತಲಾದರೂ ಮೂರು ಸಲ ಅಂದರು. ನಾನು ಜರಡಿ ಕೆಳಗಿಟ್ಟು, ಕಾಲ ಬಳಿ ಬಿದ್ದ ಕೆಂಪು ಚಿಂದಿಯನ್ನು ಎತ್ತಿ ದೂಳು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಹಾಳಾಗಬಾರದು ಅಂತ. ಆಮೇಲೆ ಅವನು ಮರ ಹತ್ತುವುದನ್ನು ನೋಡುತ್ತ ನಿಂತೆ.